ಗೆರೆ ದಾಟದ ಚೆಂಡು

ಚಿತ್ರದಲ್ಲಿ ಒಬ್ಬ ಮನುಷ್ಯ ಒಂಟಿಕಾಲಿನಲ್ಲಿ ನಿಂತಿದ್ದಾನೆ. ಮೊಣಕಾಲಿನವರೆಗೆ ಇಳಿದ ಕಪ್ಪು ಕೋಟು. ಗುಂಡಿಯೊಂದು ತನ್ನದಲ್ಲದ ತೂತಿಗೆ ಸಿಕ್ಕಿಕೊಂಡು ಎದೆಯ ಮೇಲೆ ಬಟ್ಟೆ ಓರೆಯಾಗಿ ಸುಕ್ಕುಗಟ್ಟಿದೆ. ಎಡಗೈ ಬೆನ್ನ ಹಿಂದೆ ಇದೆ, ಯಾರೋ ಕಟ್ಟಿಹಾಕಿ ಮರೆತುಹೋದಂತೆ. ಬಲಗೈ ಮಾತ್ರ ಸೊಂಟದ ಎತ್ತರಕ್ಕೆ ಎದ್ದು, ಬೆರಳುಗಳನ್ನು ಬಿಡಿಸಿಕೊಂಡು, ಅಪರಿಚಿತ ಕೋಣೆಯಲ್ಲಿ ದೀಪದ ಗುಂಡಿ ಹುಡುಕುವವನ ಕೈಯಂತೆ ಗಾಳಿಯನ್ನು ತಡವುತ್ತಿದೆ. ನೆಲದಿಂದ ಒಂದು ಗೇಣು ಮೇಲಕ್ಕೆತ್ತಿದ ಬಲಗಾಲು. ಆ ಪಾದದ ಮೇಲೆ ಚೆಂಡು. ಅದು ಬಡಿದಂತಿಲ್ಲ, ತಡೆಯಲ್ಪಟ್ಟಂತಿಲ್ಲ, ಬಂದು ಕೂತಂತಿದೆ. ಸುಣ್ಣದ ಗೆರೆ ಚಿತ್ರದ ಎಡ ಅಂಚಿನಿಂದ ಹೊರಟು, ಹುಲ್ಲಿನ ಮೇಲೆ ತುಸು ನಡುಗಿದ ಕೈಬರಹದಂತೆ ಸಾಗಿ, ಅವನು ಊರಿ ನಿಂತ ಎಡಗಾಲಿನ ಹಿಂದೆ ಮರೆಯಾಗುತ್ತದೆ. ಚೆಂಡಿನ ಅರ್ಧವೂ ಅದೇ ಕಾಲಿನ ಮರೆಗೆ ಸಂದಿದೆ. ಹಿಂದೆ, ಮಸುಕಾಗಿ, ಓಡಿ ಬರುತ್ತಿರುವ ಆಟಗಾರನೊಬ್ಬ. ಅವನ ಬಾಯಿ ತೆರೆದಿದೆ. ಇನ್ನೂ ಹಿಂದೆ, ಬಾವುಟವನ್ನು ನೆಲದ ಕಡೆಗೆ ಹಿಡಿದ ಲೈನ್ಸ್‌ಮನ್. ಎಲ್ಲರೂ ಎಲ್ಲಿಗೋ ಹೋಗುತ್ತಿದ್ದಾರೆ. ಕೋಟಿನ ಮನುಷ್ಯ ಮಾತ್ರ ಬಂದು ಸೇರಿದ್ದಾನೆ. ಅವನ ಕಣ್ಣು ಮುಚ್ಚಿದೆ.

ಆ ಮನುಷ್ಯ ತಾನೇ ಎಂಬುದನ್ನು ಮೂರು ದಿನಗಳಿಂದಲೂ ಅವನಿಗೆ ಪೂರ್ತಿಯಾಗಿ ಒಪ್ಪಿಕೊಳ್ಳಲಾಗಿರಲಿಲ್ಲ. ಪತ್ರಿಕೆ ಅಕ್ಕನ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬಿದ್ದಿತ್ತು, ಅಳತೆಯ ಟೇಪಿಗೂ ಸವೆದ ಸೀಮೆಸುಣ್ಣದ ಚೂರಿಗೂ ನಡುವೆ. ಕಿಟಕಿಯಿಂದ ಬಂದ ಬೆಳಗಿನ ಬಿಸಿಲು ಮೇಜಿನ ಅರ್ಧಕ್ಕೆ ಬಂದು ನಿಂತಿತ್ತು. ಚಿತ್ರದ ಕೆಳಗಿನ ಸಾಲುಗಳು ಬಾಯಿಪಾಠವಾಗಿದ್ದವು: ಎಂಬತ್ತೇಳನೆಯ ನಿಮಿಷ, ಗೋಲಿಲ್ಲದ ಸಮಬಲ, ಆಟದಲ್ಲಿದ್ದ ಚೆಂಡನ್ನು ಸ್ವಂತ ತಂಡದ ತರಬೇತುದಾರನೇ ತಡೆದದ್ದು, ಅವನಿಗೆ ಕೆಂಪು ಕಾರ್ಡು, ಎದುರಾಳಿಗೆ ಫ್ರೀ ಕಿಕ್, ಆ ಕಿಕ್ಕಿನಿಂದಲೇ ಗೋಲು. ಒಂದು ಸಮಬಲ ಸಿಕ್ಕಿದ್ದರೆ ಮೇಲಿನ ಲೀಗಿನಲ್ಲಿ ಉಳಿಯುತ್ತಿದ್ದ ತಂಡ ಕೆಳಗಿಳಿಯಿತು. ವರದಿಗಾರ ಕೊನೆಯಲ್ಲಿ ‘ಅರ್ಥವಾಗದ ನಡೆ’ ಎಂದು ಬರೆದಿದ್ದ. ಬೇರೆಲ್ಲ ಬೈಗುಳಗಳಿಗಿಂತ ಆ ಎರಡು ಪದಗಳು ಅವನಿಗೆ ಸಭ್ಯವಾಗಿ ಕಂಡವು, ಮತ್ತು ಆ ಸಭ್ಯತೆಯೇ ಹೆಚ್ಚು ಚುಚ್ಚಿತು.

“ಇನ್ನೂ ಅದನ್ನೇ ನೋಡ್ತಾ ಕೂತಿದೀಯಾ? ದಿಟ್ಟಿಸಿ ನೋಡಿದ್ರೆ ಚೆಂಡು ಒಂದಿಷ್ಟು ಆಚೆ ಜರುಗುತ್ತೇನೋ,” ಎಂದಳು ಅಕ್ಕ, ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡೇ. ಆ ಸೂಜಿಗಳ ಜೊತೆಗೇ ಮಾತಾಡುವುದನ್ನು ಅವಳು ಮೂವತ್ತು ವರ್ಷಗಳಿಂದ ರೂಢಿಸಿಕೊಂಡಿದ್ದಳು. ಅವಳ ಬಾಯಿಂದ ಬರುವ ಮೊನಚು ಮಾತಿನದೋ ಸೂಜಿಯದೋ ತಿಳಿಯುತ್ತಿರಲಿಲ್ಲ.

“ಪೇಪರ್ ಓದ್ತಿದೀನಿ ಅಕ್ಕ.”

“ಶನಿವಾರದ ಆಟದ ಪೇಪರನ್ನ ಮಂಗಳವಾರ ಓದ್ತಿದೀಯ.” ಅವಳು ಬಾಗಿ ಚಿತ್ರವನ್ನು ನೋಡಿದಳು. “ಕಣ್ಣು ಮುಚ್ಕೊಂಡಿದೀಯಲ್ಲೋ ಇದ್ರಲ್ಲಿ.”

“ರೆಪ್ಪೆ ಬಡಿದಿರ್ತೀನಿ.”

“ಹಸುಗೂಸು ಹಾಲು ಕುಡಿಯೋವಾಗ ಹೀಗೆ ಮುಚ್ಚುತ್ತೆ. ಅದಕ್ಕೇನು ರೆಪ್ಪೆ ಬಡಿಯೋದು ಅಂತಾರಾ?” ಎಂದು ಸೂಜಿಗಳನ್ನು ಒಂದೊಂದಾಗಿ ತೆಗೆದು ಅರಿವೆಗೆ ಚುಚ್ಚತೊಡಗಿದಳು. “ಹನ್ನೊಂದು ಗಂಟೆಗಲ್ವಾ ಕರೆದಿರೋದು? ಸಹಿ ಹಾಕ್ತೀಯ?”

“ನೋಡ್ಬೇಕು.”

“ನೋಡೋದೇನಿದೆ ಅದ್ರಲ್ಲಿ? ಚೆಂಡು ಹೊರಗೆ ಹೋಗಿತ್ತು ಅಂತ ಬರೆದಿದ್ದಾರೆ, ನೀನು ಹೌದು ಅನ್ನು. ಆಟ ಮತ್ತೆ ಆಡಿಸ್ತಾರೆ. ಚೆಂಡೇನು ಬಂದು ಸಾಕ್ಷಿ ಹೇಳುತ್ತಾ?” ಸ್ವಲ್ಪ ಹೊತ್ತು ಕತ್ತರಿಯ ಸದ್ದು. ಆಮೇಲೆ, ತಲೆಯೆತ್ತದೆ, ಬೇರೆಯ ಸ್ವರದಲ್ಲಿ, “ಹೊರಗಿತ್ತು ತಾನೆ?”

ಅವನು ಕೋಟು ಹಾಕಿಕೊಂಡ. ಅಕ್ಕ ಎದ್ದು ಬಂದು ಅದರ ಗುಂಡಿಗಳನ್ನು ಮೇಲಿನಿಂದ ಕೆಳಗೆ ಸರಿಯಾದ ತೂತುಗಳಿಗೆ ಹಾಕಿದಳು. ಐವತ್ತೆರಡರ ಗಂಡಸು, ಗಲ್ಲವನ್ನು ಮೇಲೆತ್ತಿ, ಶಾಲೆಗೆ ಹೊರಟವನಂತೆ ನಿಂತುಕೊಂಡ. ಮೊಣಕಾಲಿನ ಶಸ್ತ್ರಕ್ರಿಯೆಯಾದಾಗ ನಾಲ್ಕು ವಾರಕ್ಕೆಂದು ಈ ಮನೆಗೆ ಬಂದವನು ಇಲ್ಲೇ ಉಳಿದು ಹದಿನೆಂಟು ವರ್ಷಗಳಾಗಿದ್ದವು.

ಬೀದಿಯಲ್ಲಿ ಅವನು ಅಂಗಡಿಗಳ ಗಾಜಿಗೆ ಮುಖ ತೋರಿಸದೆ ನಡೆದ. ಬಲಗಾಲು ಶನಿವಾರದಿಂದ ಬೇರೆಯವರದಾಗಿತ್ತು. ಅಥವಾ ಇಷ್ಟು ವರ್ಷ ಬೇರೆಯವರದಾಗಿದ್ದುದು ಈಗ ಮರಳಿ ತನ್ನದಾಗಿತ್ತು, ಹೇಗೆ ಹೇಳಬೇಕೆಂದು ತಿಳಿಯದು. ಬೂಟಿನೊಳಗೆ ಆ ಪಾದ ಇನ್ನೂ ಬೆಚ್ಚಗಿತ್ತು. ಆಡುತ್ತಿದ್ದ ಕಾಲದಲ್ಲಿ ಅವನನ್ನು ಜನ ಹತ್ತಿಕಾಲ ಎನ್ನುತ್ತಿದ್ದರು. ಅವನು ವೇಗದ ಆಟಗಾರನಲ್ಲ, ಗೋಲು ಹೊಡೆಯುವವನೂ ಅಲ್ಲ. ಎಲ್ಲಿಂದ, ಎಷ್ಟೇ ಎತ್ತರದಿಂದ, ಎಷ್ಟೇ ಸಿಟ್ಟಿನಿಂದ ಬಂದ ಚೆಂಡೂ ಅವನ ಪಾದ ಸೋಕಿದೊಡನೆ ಹತ್ತಿಯ ಮೇಲೆ ಬಿದ್ದಂತೆ ಸುಮ್ಮನಾಗುತ್ತಿತ್ತು. ಅಷ್ಟೇ ಅವನಿಗೆ ಬರುತ್ತಿದ್ದ ವಿದ್ಯೆ. ಆಮೇಲೆ ಚೆಂಡನ್ನು ಯಾರಿಗೆ ಕೊಡಬೇಕೆಂಬುದು ಬೇರೆಯವರ ಮಾತು. ಆದರೆ ಬಂದ ಚೆಂಡಿಗೂ ಹೋಗುವ ಚೆಂಡಿಗೂ ನಡುವೆ ಒಂದು ಅರೆಗಳಿಗೆ ಇರುತ್ತದೆ, ಆ ಅರೆಗಳಿಗೆಯಲ್ಲಿ ಚೆಂಡು ಯಾರದೂ ಅಲ್ಲ, ಎಲ್ಲಿಗೂ ಅಲ್ಲ, ಅವನ ಕಾಲಿನ ಮೇಲೆ ಸುಮ್ಮನೆ ಇರುತ್ತದೆ. ಹದಿನಾಲ್ಕು ವರ್ಷಗಳ ಆಟವನ್ನು ಒಟ್ಟುಗೂಡಿಸಿದರೆ ಅಂಥ ಅರೆಗಳಿಗೆಗಳು ಒಂದು ದಿನದಷ್ಟೂ ಆಗಲಿಕ್ಕಿಲ್ಲ. ತಾನು ಬದುಕಿದ್ದು ಆ ಒಂದು ದಿನ ಮಾತ್ರ ಎಂದು ಅವನಿಗೆ ಒಮ್ಮೊಮ್ಮೆ ಅನಿಸುತ್ತಿತ್ತು, ಹೀಗೆ ಅನಿಸುವುದು ಅಕ್ಕನಿಗೆ ಮಾಡುವ ದ್ರೋಹ ಎಂದೂ ಅನಿಸುತ್ತಿತ್ತು.

ಅವನಿಗೆ ನೆನಪಾಗದೆ ಉಳಿದದ್ದು ಕೊನೆಯ ಚೆಂಡು. ಮೊಣಕಾಲು ನೋಯುತ್ತಿದೆಯೆಂದು ಅರವತ್ತನೆಯ ನಿಮಿಷಕ್ಕೆ ಅವನನ್ನು ಹೊರಗೆ ಕರೆದಿದ್ದರು. ಮುಂದಿನ ವಾರ ಬರುತ್ತದೆಂದು ನಂಬಿ ಅವನು ಕುಂಟುತ್ತ, ಕೈಬೀಸುತ್ತ, ಯಾರದೋ ಚೇಷ್ಟೆಗೆ ನಗುತ್ತ ಹೊರಬಂದಿದ್ದ. ಮುಂದಿನ ವಾರ ಬರಲಿಲ್ಲ. ಅರವತ್ತನೆಯ ನಿಮಿಷಕ್ಕೆ ಮುಂಚೆ ಕೊನೆಯದಾಗಿ ಚೆಂಡು ಮುಟ್ಟಿದ್ದು ಯಾವಾಗ, ಹೇಗೆ, ಯಾರಿಂದ ಬಂದು ಯಾರಿಗೆ ಹೋಯಿತು? ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ಹಿಂದಿನಿಂದ ಎಣಿಸಿಕೊಂಡು ಬರುತ್ತಿದ್ದ. ಒಂದು ಥ್ರೋ, ಅದಕ್ಕೂ ಮುಂಚೆ ಯಾರೋ ಜಾರಿ ಬಿದ್ದದ್ದು, ರೆಫರಿಯ ಶಿಳ್ಳೆ. ಅಲ್ಲಿಗೆ ಹಾದಿ ಕಡಿದುಹೋಗುತ್ತಿತ್ತು. ತೀರಿಹೋದವರ ಕೊನೆಯ ಮಾತನ್ನು ಕೇಳದೆ ಹೋದವನ ಹಾಗೆ ಅವನು ಆ ಚೆಂಡಿಗಾಗಿ ಹುಡುಕಾಡಿದ್ದ. ತರಬೇತುದಾರನಾದ ಮೊದಲ ವಾರ, ಹಿರಿಯ ಕೋಚ್ ಒಬ್ಬರು, ಅವರೂ ಆಡಿ ಬಿಟ್ಟವರೇ, ಕಿವಿಯಲ್ಲಿ ಹೇಳಿದ್ದರು: “ಇನ್ಮೇಲೆ ಚೆಂಡು ಮುಟ್ಬೇಡಪ್ಪ. ಮುಟ್ಟಿದ್ರೆ ಆಸೆ ಹುಟ್ಟುತ್ತೆ. ಆಸೆ ಇರೋನು ಕಲಿಸೋಕಾಗಲ್ಲ.” ಅವನು ಆ ಮಾತನ್ನು ಅಕ್ಷರಶಃ ಪಾಲಿಸಿದ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೆರೆಯ ಪಕ್ಕ ನಡೆಯುತ್ತಿದ್ದ. ಚೆಂಡು ಉರುಳಿ ಬಂದರೆ ಕಾಲೆತ್ತಿ ಹಾದಿ ಬಿಡುತ್ತಿದ್ದ. ಹೇಗೆ ತಡೆಯಬೇಕೆಂಬುದನ್ನು ಮಾತಿನಲ್ಲೇ ಹೇಳುತ್ತಿದ್ದ, “ಅದು ಬರೋಷ್ಟರಲ್ಲಿ ಕಾಲು ಹಿಂದೆ ಹೋಗ್ತಾ ಇರ್ಬೇಕು, ಮನೆಗೆ ಬಂದವರಿಗೆ ಜಾಗ ಬಿಡ್ತೀವಲ್ಲ ಹಾಗೆ.” ಚೆಂಡಿಗೂ ಸಾರ್‌ಗೂ ಮಾತು ಬಿಟ್ಟುಹೋಗಿದೆ ಎಂದು ಆಟಗಾರರು ನಗುತ್ತಿದ್ದರು. ಹದಿನಾರು ವರ್ಷ, ಅಭ್ಯಾಸದಲ್ಲಾಗಲಿ ಪಂದ್ಯದಲ್ಲಾಗಲಿ, ಒಂದೇ ಒಂದು ಸಲವೂ ಅವನ ಕಾಲು ಚೆಂಡಿಗೆ ತಗುಲಿರಲಿಲ್ಲ.

ಕ್ಲಬ್ಬಿನ ಕಚೇರಿಗೆ ಹತ್ತಿರದ ಹಾದಿ ಬಸ್ ನಿಲ್ದಾಣದ ಒಳಗಿನಿಂದ ಹಾಯುತ್ತದೆ. ಸುತ್ತುಬಳಸಿ ಹೋಗಬಹುದಾಗಿತ್ತು. ಹೋಗಲಿಲ್ಲ. ವಿಚಾರಣೆಯ ಕಿಟಕಿಯಲ್ಲಿ ವಾರದ ಆರು ದಿನ ಕೂರುವವನೇ ಶನಿವಾರದ ಲೈನ್ಸ್‌ಮನ್ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಕಿಟಕಿಯ ಮುಂದಿನ ಸಾಲಿನಲ್ಲಿ ತಾನು ಯಾಕೆ ನಿಂತೆ ಎಂದು ಅವನಿಗೆ ತಿಳಿಯುವಷ್ಟರಲ್ಲಿ ಅವನ ಸರದಿ ಬಂದುಬಿಟ್ಟಿತ್ತು.

“ಯಾವ ಕಡೆಗೆ?” ಎಂದ ಒಳಗಿನವನು, ವೇಳಾಪಟ್ಟಿಯಿಂದ ತಲೆಯೆತ್ತದೆ.

“ಯಾವ ಕಡೆಗೂ ಇಲ್ಲ.”

ಅವನು ತಲೆಯೆತ್ತಿದ. ಕನ್ನಡಕದ ಹಿಂದೆ ಕಣ್ಣುಗಳು ಊದಿಕೊಂಡಿದ್ದವು. “ಓ. ನೀವಾ,” ಎಂದ. ಕಿಟಕಿಯ ಸಣ್ಣ ತೂತಿಗೆ ಮುಖ ತಂದು ತಗ್ಗಿದ ದನಿಯಲ್ಲಿ, “ಬೆಳಿಗ್ಗೆಯಿಂದ ಮೂರು ಜನ ಬಂದು, ಹತ್ತೂವರೆ ಬಸ್ಸು ಗೆರೆ ದಾಟಿತಾ, ಇಲ್ವಾ ಅಂತ ಕೇಳಿ ನಕ್ಕೊಂಡು ಹೋದ್ರು ಸಾರ್. ನೀವೂ ಅದಕ್ಕೇ ಬಂದಿದ್ರೆ, ದಾಟಿದೆ.”

“ಅದಕ್ಕಲ್ಲ.”

“ಇವತ್ತು ದೂರು ಕೊಡ್ತಿದೀರಂತೆ. ಕೊಡಿ. ಕೊಡಬಾರದು ಅನ್ನಲ್ಲ. ನನ್ನ ಬಾವುಟ ಕಿತ್ಕೊಳ್ತಾರೆ, ಅಷ್ಟೇ ತಾನೆ.” ಅವನು ರಬ್ಬರು ಮೊಹರನ್ನು ಎತ್ತಿ ಎಲ್ಲಿಯೂ ಒತ್ತದೆ ಕೆಳಗಿಟ್ಟ. “ಇಪ್ಪತ್ತು ವರ್ಷ ಹಿಡಿದಿದೀನಿ. ಚೆಂಡು ಗೆರೆ ಮೇಲೆ ಪುಟಿದಾಗ ಸುಣ್ಣ ಎದ್ದಿದ್ದು ನಾನು ಕಂಡೆ. ಆಣೆಗೂ ಕಂಡೆ. ಮನೆಗೆ ಹೋದ್ಮೇಲೆ, ಕಂಡೆನಾ ಅಂತ ಶುರುವಾಯ್ತು. ಊರೆಲ್ಲ ಇಲ್ಲ ಅಂತಿದ್ರೆ ಕಣ್ಣೇ ಮಾತು ಬದಲಾಯಿಸುತ್ತೆ ಸಾರ್. ಅಷ್ಟು ಹತ್ತಿರ ಇದ್ದೋರು ನೀವೊಬ್ರೇ. ದೂರು ಗೀರು ಬಿಟ್ಟಾಕಿ. ಎದ್ದಿತಾ, ಇಲ್ವಾ? ಒಂದು ಮಾತು ಹೇಳ್ಬಿಡಿ, ಸಾಕು.”

ಎದ್ದಿತ್ತು. ಚೆಂಡು ಗೆರೆಯ ನಟ್ಟನಡುವೆ ಬಿದ್ದಾಗ ಒಂದು ಹಿಡಿ ಬಿಳಿ ಧೂಳು ಉಸಿರಿನಂತೆ ಎದ್ದು ಅವನ ಬೂಟಿನ ಮೇಲೆ ಕೂತಿತ್ತು. ಆ ಮಾತು ನಾಲಗೆಯ ತುದಿಯಲ್ಲಿತ್ತು, ಮೂರೇ ಅಕ್ಷರ. ಅಷ್ಟರಲ್ಲಿ ಹಿಂದೆ ಎರಡು ಕೈಯಲ್ಲೂ ಚೀಲ ಹಿಡಿದು ನಿಂತಿದ್ದ ಹೆಂಗಸು, “ಮಾತುಕತೆ ಆಮೇಲಿಟ್ಕೊಳ್ರೀ ಅಣ್ಣಾ, ನನ್ನ ಬಸ್ಸು ಹೊರಡುತ್ತೆ,” ಎಂದಳು. ಅವನು ಸರಿದು ನಿಂತ. ಸರಿದ ವೇಗಕ್ಕೆ ಅವನೇ ನಾಚಿದ. ಬೇಡಿಕೊಂಡವನ ಎದುರಿನಿಂದ ತಪ್ಪಿಸಿಕೊಳ್ಳಲು ಇಷ್ಟು ಸಣ್ಣ ನೆಪ ಸಾಕಾಯಿತೇ? ಕಿಟಕಿಯೊಳಗಿನವನು ಹೆಂಗಸಿಗೆ ಉತ್ತರಿಸುತ್ತಲೇ ಅವನನ್ನು ನೋಡುತ್ತಿದ್ದ. “ಹನ್ನೊಂದು ಐದಕ್ಕೆ, ನಾಲ್ಕನೇ ಅಂಕಣ,” ಎಂಬ ಆ ಮಾತು ಹೆಂಗಸಿಗೆ ಹೇಳಿದ್ದೋ ತನಗೋ ಎಂಬ ಗೊಂದಲದಲ್ಲೇ ಅವನು ನಿಲ್ದಾಣವನ್ನು ದಾಟಿದ.

ದೊಡ್ಡ ಅಪರಾಧಗಳಿಗೆ ಒಂದು ಘನತೆ ಇರುತ್ತದೆ. ಅವನನ್ನು ಕೊರೆಯುತ್ತಿದ್ದುದು ಅದಕ್ಕಿಂತ ಕೀಳಾದ ಒಂದು ಸಂತೋಷ. ತಂಡ ಸೋತಿತ್ತು. ಡ್ರೆಸ್ಸಿಂಗ್ ರೂಮಿನಲ್ಲಿ ಗಂಡಸರು ತಲೆಯ ಮೇಲೆ ಟವೆಲ್ ಹೊದ್ದು ಕೂತಿದ್ದರು. ಗೋಲ್‌ಕೀಪರ್ ಗೋಡೆಗೆ ಹಣೆ ಒತ್ತಿ ಅತ್ತಿದ್ದ. ಕೆಂಪು ಕಾರ್ಡು ಕಂಡವನು ಹೊರಗಿನ ಓಣಿಯಲ್ಲಿ, ನೀರಿನ ಪೈಪಿನ ಪಕ್ಕದಲ್ಲಿ ನಿಂತು, ಒಳಗಿನ ಆ ಸದ್ದನ್ನು ಕೇಳುತ್ತ, ತನ್ನ ಬಲಪಾದದೊಳಗೆ ಏನೋ ಇನ್ನೂ ಮಿಡಿಯುತ್ತಿರುವುದನ್ನು ಕಳ್ಳನಂತೆ ಅನುಭವಿಸಿದ್ದ. ಎಷ್ಟು ಚೆನ್ನಾಗಿತ್ತು! ಚೆಂಡು ತಿರುಗುತ್ತ ಪುಟಿದು ಬಂದಿತ್ತು; ಆ ತಿರುಗು ಅದನ್ನು ಮತ್ತೆ ಮೈದಾನದ ಒಳಗೇ ಎಳೆಯುತ್ತಿತ್ತು; ಹಿಂದೆ ಹುಲ್ಲಿನ ಮೇಲೆ ಓಡಿ ಬರುವ ಹೆಜ್ಜೆಗಳು ಕೇಳುತ್ತಿದ್ದವು. ಆಗ ಅವನ ಕಾಲು, ಅವನನ್ನು ಕೇಳದೆ, ಮೇಲೆದ್ದಿತ್ತು. ಅಥವಾ ಕೇಳಿತ್ತು. ಕೇಳಿ, ಅವನು ಹೂಂ ಅಂದಿದ್ದ. ಅಲ್ಲೇ ಇತ್ತು ಮುಳ್ಳು: ಕಾಲಿಗೂ ಅವನಿಗೂ ನಡುವೆ ಆ ಒಂದು ಕ್ಷಣದ ಸಮಾಲೋಚನೆ ನಡೆದದ್ದು ನಿಜ.

ಕಚೇರಿ ಪ್ರೇಕ್ಷಕರ ಮೆಟ್ಟಿಲುಗಳ ಕೆಳಗೆ ಇತ್ತು. ಅದರ ಚಾವಣಿ ಮೆಟ್ಟಿಲುಮೆಟ್ಟಿಲಾಗಿ ಇಳಿದು ಹಿಂದಿನ ಗೋಡೆಯನ್ನು ಸೇರುವಲ್ಲಿ ಮನುಷ್ಯ ನೆಟ್ಟಗೆ ನಿಲ್ಲುವಂತಿರಲಿಲ್ಲ. ಕಾರ್ಯದರ್ಶಿಗಳು ಹಲ್ಲಿನ ಡಾಕ್ಟರು. ರೋಗಿಗಳೊಡನೆ ಆಡುವ ದನಿಯನ್ನೇ ಕ್ಲಬ್ಬಿಗೂ ತರುತ್ತಿದ್ದರು. ಬಾಯಿ ತೆರೆಸುವ ಮೊದಲು ಹೆದರಿಕೆ ಬಿಡಿಸುವ ದನಿ.

“ಬನ್ನಿ ಬನ್ನಿ, ಕೂತ್ಕೊಳ್ಳಿ. ಎರಡೇ ನಿಮಿಷದ ಕೆಲಸ, ಗೊತ್ತೇ ಆಗಲ್ಲ ನಿಮಗೆ,” ಎಂದು ಬೆರಳಚ್ಚಾದ ಹಾಳೆಯನ್ನು ಅವನ ಕಡೆ ತಿರುಗಿಸಿದರು. “ಹನ್ನೆರಡರೊಳಗೆ ಲೀಗ್ ಆಫೀಸಿಗೆ ತಲುಪಬೇಕು. ಓದಿ. ಓದಲೇಬೇಕು ಅಂತೇನಿಲ್ಲ.”

ಅವನು ಓದಿದ. ‘ಸದರಿ ಚೆಂಡು ಪೂರ್ಣವಾಗಿ ಗೆರೆಯ ಹೊರಗೆ ಹೋಗಿ, ಆಟದಿಂದ ಹೊರತಾಗಿದ್ದು, ತರಬೇತುದಾರರು ಅದನ್ನು ಹಿಂದಿರುಗಿಸುವ ಸದುದ್ದೇಶದಿಂದ ಮಾತ್ರ ಮುಟ್ಟಿರುತ್ತಾರೆ. ಲೈನ್ಸ್‌ಮನ್ ಅವರ ಗಂಭೀರ ಲೋಪ…’ ಕೆಳಗೆ ಸಾಕ್ಷಿಯ ಜಾಗದಲ್ಲಿ ಒಂದು ಸಹಿ ಆಗಲೇ ಇತ್ತು. ಇಳಿಜಾರು ಚಾವಣಿಯ ಕೆಳಗಿನ ಬೆಂಚಿನಲ್ಲಿ ಆ ಸಹಿಯ ಒಡೆಯ ಕೂತಿದ್ದ: ಗುಬ್ಬಿ. ಶನಿವಾರ ಆ ಚೆಂಡಿನ ಹಿಂದೆ ಓಡಿ ಬರುತ್ತಿದ್ದವನು. ಸಣ್ಣ ಆಳು, ಅಂಚಿನುದ್ದಕ್ಕೂ ಪುರ್ರೆಂದು ಹಾರುವವನೆಂದು ಆ ಹೆಸರು. ಅವನಿಗೀಗ ಮೂವತ್ತಮೂರು. ಹದಿಮೂರು ವರ್ಷ ಕೆಳಗಿನ ಲೀಗಿನ ಉಬ್ಬುತಗ್ಗು ಮೈದಾನಗಳಲ್ಲಿ ಓಡಿ, ಕಳೆದ ವರ್ಷ ಈ ತಂಡದೊಡನೆ ಮೇಲೆ ಬಂದಿದ್ದ.

“ನಮಸ್ಕಾರ ಸಾರ್,” ಎಂದು ಗುಬ್ಬಿ ಅರ್ಧ ಎದ್ದ. ಚಾವಣಿ ತಲೆಗೆ ತಾಗಿ ಮತ್ತೆ ಕೂತ. “ನಾನು ಹಾಕಿದೀನಿ ಸಾರ್. ನೀವೂ ಹಾಕ್ಬಿಡಿ. ಎಲ್ಲರಿಗೂ ಒಳ್ಳೇದಾಗುತ್ತೆ.”

ಅವನಿಗೆ ತಾನು ಬೇಡಬೇಕಾಗಿದ್ದ ಕ್ಷಮೆಯನ್ನು ಗುಬ್ಬಿಯ ಕೈಯಿಂದ ಪುಕ್ಕಟೆ ಪಡೆದಂತಾಯಿತು. ಲೇಖನಿ ತೆಗೆದುಕೊಂಡ. ಲೇಖನಿಯ ಮುಚ್ಚಳ ತೆಗೆದ. ಸಹಿ ಹಾಕಿದರೆ ಏನೆಲ್ಲ ಉಳಿಯುತ್ತದೆ ಎಂಬುದು ಅವನ ಕಣ್ಣಿಗೆ ಸ್ಪಷ್ಟವಾಗಿತ್ತು. ಇನ್ನೊಂದು ಪಂದ್ಯ, ಈ ಕೆಲಸ, ತಂಡದ ಇಪ್ಪತ್ತೆರಡು ಗಂಡಸರ ಮುಂದಿನ ವರ್ಷ, ಬೀದಿಯಲ್ಲಿ ಅಕ್ಕನ ತಲೆಯೆತ್ತಿದ ನಡಿಗೆ. ಹೋಗುವುದೆಂದರೆ ಬಸ್ ನಿಲ್ದಾಣದ ಒಬ್ಬನ ಬಾವುಟ ಮಾತ್ರ. ಮತ್ತು ಇನ್ನೊಂದು, ಯಾರ ಲೆಕ್ಕಕ್ಕೂ ಸಿಗದ್ದು. ‘ಆಟದಿಂದ ಹೊರತಾಗಿದ್ದು’ ಎಂಬ ಆ ಸಾಲಿನ ಮೇಲೆ ಅವನ ಕಣ್ಣು ನಿಂತುಬಿಟ್ಟಿತ್ತು. ಹೊರತಾಗಿದ್ದರೆ ಅದು ಜೀವವಿಲ್ಲದ ಚೆಂಡು. ಅದನ್ನು ಯಾರು ಬೇಕಾದರೂ ಮುಟ್ಟಬಹುದು, ಬೇಲಿಯಾಚೆಯ ಪ್ರೇಕ್ಷಕ, ನಾಯಿ, ಗಾಳಿ. ಹಾಗಾದರೆ ಅವನು ಮುಟ್ಟಿದ್ದು ಏನನ್ನೂ ಅಲ್ಲ. ಹದಿನೆಂಟು ವರ್ಷ ಹುಡುಕಿ, ಒಂದು ಶನಿವಾರ, ಎಂಬತ್ತೇಳನೆಯ ನಿಮಿಷದಲ್ಲಿ ಕಾಲಿಗೆ ಬಂದು ಕೂತ ತನ್ನ ಕೊನೆಯ ಚೆಂಡಿಗೆ ತಾನೇ ಇಲ್ಲವೆಂದು ಬರೆದುಕೊಡಬೇಕು.

“ಚೆಂಡು ಹೊರಗಿರಲಿಲ್ಲ,” ಎಂದ.

ಕಾರ್ಯದರ್ಶಿಗಳು ನಕ್ಕರು. “ಅಂದ್ರೆ?”

“ಒಳಗಿತ್ತು. ಗೆರೆ ಮೇಲೆ ಪುಟೀತು. ಸುಣ್ಣ ಎದ್ದಿತು. ಲೈನ್ಸ್‌ಮನ್ ಸರಿಯಾಗೇ ನೋಡಿದಾನೆ.”

“ನೋಡಿ, ನೀವು ತುಂಬ ನೊಂದಿದೀರಿ,” ಎಂದರು ಕಾರ್ಯದರ್ಶಿಗಳು, ಕುರ್ಚಿಯನ್ನು ಹತ್ತಿರ ಎಳೆದುಕೊಂಡು. “ಫೋಟೋದಲ್ಲಿ ಕಣ್ಣು ಮುಚ್ಚಿದೀರ ನೀವು. ಊರೇ ನೋಡಿದೆ. ಕಣ್ಣು ಮುಚ್ಚಿದೋರಿಗೆ ಸುಣ್ಣ ಕಾಣ್ಸಿತು ಅಂದ್ರೆ ಯಾರಾದ್ರೂ ಒಪ್ತಾರಾ?”

“ಮುಚ್ಚೋಕೆ ಮುಂಚೆ ಕಾಣ್ಸಿತು.”

“ಸ್ವಾಮೀ,” ಎಂದ ಕಾರ್ಯದರ್ಶಿಗಳ ದನಿಯಿಂದ ಡಾಕ್ಟರು ಎದ್ದು ಹೊರಗೆ ಹೋಗಿದ್ದರು. “ಸತ್ಯ ಹೇಳೋ ಚಟ ನಿಮಗೆ ಈಗ್ಲೇ ಹತ್ತಬೇಕಾ? ಮೊನ್ನೆ ಕಾಲು ಚಾಚೋವಾಗ ಈ ಹುಡುಗರ ನೆನಪಾಗ್ಲಿಲ್ಲ. ಇವತ್ತು ಯಾವನೋ ಬಸ್ ಗುಮಾಸ್ತನ ಮೇಲೆ ಕರುಣೆ ಉಕ್ತಾ ಇದೆ. ಒಳ್ಳೆಯವರಾಗೋಕೂ ಒಂದು ಹೊತ್ತು ಗೊತ್ತು ಬೇಡ್ವಾ?”

ಮಾತು ನಾಟಿತು, ಏಕೆಂದರೆ ಅದು ಅರ್ಧ ನಿಜವಾಗಿತ್ತು. ಗುಮಾಸ್ತನ ಊದಿದ ಕಣ್ಣುಗಳು ಅವನ ಮುಂದೆ ಬಂದಿದ್ದವು, ನಿಜ. ಆದರೆ ಅವು ಬಂದದ್ದು ಆಮೇಲೆ, ನೆಪದ ಹಾಗೆ, ಮೆರವಣಿಗೆಯ ಬಾಲದಲ್ಲಿ ಸೇರಿಕೊಂಡವನ ಹಾಗೆ. ಮೊದಲು ಬಂದದ್ದು ಆಸೆ. ತಾನು ಹಿಡಿದುಕೊಂಡದ್ದು ಸತ್ಯವನ್ನೋ, ಮಗು ಆಟಿಕೆಯನ್ನು ಅವಚಿಕೊಂಡ ಹಾಗೆ ಆ ಒಂದು ಸ್ಪರ್ಶವನ್ನೋ? ಎರಡೂ ಒಂದೇ ಮಾತಿನಲ್ಲಿ ಮುಗಿಯುವುದಾದರೆ, ಆ ಮಾತು ಯಾರ ಪರವಾಗಿ ನುಡಿಯಿತೆಂದು ಯಾರು ಹೇಳಬೇಕು?

ಗುಬ್ಬಿ ಬೆಂಚಿನಿಂದ ಎದ್ದು, ಈ ಸಲ ತಲೆ ಬಗ್ಗಿಸಿಕೊಂಡು, ಮೇಜಿನ ಬಳಿ ಬಂದ.

“ಸಾರ್, ಒಂದು ಕೇಳ್ಲಾ? ನಾನು ಬರ್ತಿದ್ದಿದ್ದು ಗೊತ್ತಿತ್ತಾ ನಿಮಗೆ?”

ಗೊತ್ತಿರಲಿಲ್ಲ ಎಂದು ಹೇಳಬಹುದಾಗಿತ್ತು. ಅದು ಲೈನ್ಸ್‌ಮನ್‌ಗೆ ಕೆಡುಕು ಮಾಡದ, ಹಾಳೆಗೂ ಸಂಬಂಧವಿಲ್ಲದ, ಗುಬ್ಬಿಯ ಮನಸ್ಸಿಗೂ ಹಿತವಾದ ಸುಳ್ಳು.

“ಗೊತ್ತಿತ್ತು ಕಣೋ. ಹೆಜ್ಜೆ ಕೇಳಿಸ್ತಿತ್ತು.”

“ಸಿಗ್ತಿತ್ತಾ ನನಗೆ?”

“ಸಿಗ್ತಿತ್ತು. ನಿನ್ನ ಕಡೆಗೇ ತಿರುಗ್ತಾ ಇತ್ತು ಅದು.”

“ಮುಂದೆ ಯಾರೂ ಇರ್ಲಿಲ್ಲ,” ಎಂದ ಗುಬ್ಬಿ, ದೂರು ಹೇಳುವವನಂತೆ ಅಲ್ಲ. ತಾನು ಕಂಡ ಒಂದು ಬಯಲನ್ನು ವರ್ಣಿಸುವವನಂತೆ. “ಗೋಲಿನ ತನಕ ಖಾಲಿ. ಹುಲ್ಲು ಹಾಸಿದ ಹಾಗಿತ್ತು. ಮತ್ತೆ ಯಾಕೆ ಸಾರ್?”

ಕಾರ್ಯದರ್ಶಿಗಳು ಗಡಿಯಾರ ನೋಡಿದರು. ಗೋಡೆಯಾಚೆ, ಮೆಟ್ಟಿಲುಗಳ ಮೇಲೆ, ಯಾರೋ ಕಸ ಗುಡಿಸುತ್ತಿದ್ದ ಸದ್ದು ತಲೆಯ ಮೇಲಿನಿಂದ ಒಂದೊಂದೇ ಮೆಟ್ಟಿಲು ಇಳಿದು ಬರುತ್ತಿತ್ತು. ಅವನು ಉತ್ತರಕ್ಕಾಗಿ ಎಷ್ಟೋ ಪದಗಳನ್ನು ಎತ್ತಿ ನೋಡಿದ. ಮರೆವು, ಅಭ್ಯಾಸಬಲ, ಒತ್ತಡ. ಎಲ್ಲವೂ ಬೇರೆಯವರ ಅಳತೆಗೆ ಹೊಲಿದ ಅಂಗಿಗಳು.

“ಆಸೆ ಆಯ್ತು,” ಎಂದ ಕೊನೆಗೆ. “ಒಂದು ಸಲ ಮುಟ್ಬೇಕು ಅಂತ ಆಸೆ ಆಯ್ತು, ಅಷ್ಟೇ.”

ಆ ಮಾತಿಗೆ ಗುಬ್ಬಿ ನಗಬಹುದು, ಬೈಯಬಹುದು, ಕೈಯೆತ್ತಲೂಬಹುದು ಎಂದುಕೊಂಡಿದ್ದ. ಅದೆಲ್ಲಕ್ಕಿಂತ ಹೆಚ್ಚಾಗಿ, ಎಲ್ಲೋ ಆಳದಲ್ಲಿ, ನಾಚಿಕೆಯಿಲ್ಲದೆ, ಇನ್ನೊಂದನ್ನು ಹಾರೈಸಿದ್ದ: ಈ ಲೋಕದಲ್ಲಿ ಇದನ್ನು ಅರ್ಥಮಾಡಿಕೊಳ್ಳಬಲ್ಲವನು ಇವನೊಬ್ಬನೇ, ಹೇಗಿತ್ತು ಸಾರ್ ಎಂದು ಒಂದು ಮಾತು ಕೇಳಿಯಾನು, ಕೇಳಿದರೆ ಹೇಳಬಹುದು, ಎಷ್ಟು ಹಗುರವಾಗಿತ್ತೆಂದು, ಹೇಗೆ ತಾನಾಗಿಯೇ ಸುಮ್ಮನಾಯಿತೆಂದು.

ಗುಬ್ಬಿ ಹಾಳೆಯನ್ನು ತನ್ನ ಕಡೆ ಎಳೆದುಕೊಂಡ. ತರಬೇತುದಾರನ ಕೈಯಲ್ಲಿದ್ದ ಲೇಖನಿಯನ್ನು ಮೆತ್ತಗೆ ಬಿಡಿಸಿಕೊಂಡು, ಸಾಕ್ಷಿಯ ಜಾಗದಲ್ಲಿದ್ದ ತನ್ನ ಹೆಸರಿನ ಮೇಲೆ ಒಂದು ಗೆರೆ ಎಳೆದ. ಸಾಲದೆಂಬಂತೆ ಇನ್ನೊಂದು.

“ಏಯ್, ಏಯ್, ಏನೋ ಇದು? ಮೂಲ ಪ್ರತಿ ಕಣಯ್ಯಾ ಅದು!” ಎಂದು ಕಾರ್ಯದರ್ಶಿಗಳು ಎದ್ದರು.

“ಸುಣ್ಣ ಎದ್ದಿದ್ದು ನಾನೂ ನೋಡಿದ್ದೆ ಸಾರ್,” ಎಂದ ಗುಬ್ಬಿ, ಅವರ ಕಡೆ ತಿರುಗದೆ, ಅವನನ್ನೇ ನೋಡುತ್ತ. “ಅದಕ್ಕೇ ಓಡಿದ್ದು. ಇಲ್ದಿದ್ರೆ ಯಾಕೆ ಓಡ್ಲಿ? ನೀವು ಹೇಳಲ್ಲ ಅನ್ಕೊಂಡು ನಾನೂ ಸಹಿ ಹಾಕ್ದೆ. ಈಗ ನೀವು ಹೇಳಿದ್ಮೇಲೆ ನಾನೊಬ್ನೇ ಸುಳ್ಳ ಆಗ್ಲಾ?” ಲೇಖನಿಗೆ ಮುಚ್ಚಳ ಹಾಕಿ ಮೇಜಿನ ಮೇಲೆ ನೆಟ್ಟಗೆ ಇಟ್ಟ. “ನನಗೆ ಮೂವತ್ತಮೂರು ಸಾರ್. ಕೆಳಗಿಳಿದ್ರೆ ಮತ್ತೆ ಮೇಲೆ ಬರೋಕಾಗಲ್ಲ. ನಿಮಗೂ ಗೊತ್ತು.”

“ಗೊತ್ತು.”

“ಮೇಲಿನ ಲೀಗಲ್ಲಿ ನನ್ನ ಕಡೆಗೆ ಬಂದ ಕೊನೇ ಚೆಂಡು ಅದು.”

ಅವನು ತನ್ನದೆಂದು ಮೂರು ದಿನ ಬೂಟಿನೊಳಗೆ ಬಚ್ಚಿಟ್ಟುಕೊಂಡಿದ್ದ ಬಿಸುಪು ಆ ಮಾತಿಗೆ ಆರಲಿಲ್ಲ. ಆರಿದ್ದರೆ ಎಷ್ಟೋ ಮೇಲಾಗುತ್ತಿತ್ತು. ಅದು ಹಾಗೇ ಇತ್ತು, ಅಷ್ಟೇ ಸುಖವಾಗಿ, ಈಗ ಒಡೆಯನ ಹೆಸರು ಗೊತ್ತಾದ ವಸ್ತುವಿನಂತೆ. ಇವನೂ ಮುಂದೊಂದು ದಿನ ಯಾವುದೋ ಹಾಸಿಗೆಯಲ್ಲಿ ಮಲಗಿ ಹಿಂದಿನಿಂದ ಎಣಿಸಿಕೊಂಡು ಬರುತ್ತಾನೆ, ಶಿಳ್ಳೆ, ಓಟ, ಹುಲ್ಲು, ಖಾಲಿ ಬಯಲು, ಮತ್ತು ಹಾದಿ ಕಡಿದುಹೋಗುವ ಜಾಗದಲ್ಲಿ ಕಪ್ಪು ಕೋಟಿನ ಒಬ್ಬ ಮುದುಕ ನಿಂತಿರುತ್ತಾನೆ.

“ಗುಬ್ಬೀ,” ಎಂದ.

“ಅದು ನಂದು ಸಾರ್,” ಎಂದ ಗುಬ್ಬಿ. ಬೈದಂತಿರಲಿಲ್ಲ, ಕೇಳಿದಂತೆಯೂ ಇರಲಿಲ್ಲ. ಬೆಂಚಿನ ಮೇಲಿದ್ದ ಚೀಲವನ್ನು ಹೆಗಲಿಗೆ ಹಾಕಿಕೊಂಡ. ಒಳಗೆ ಬೂಟುಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ತಗ್ಗಿದ ಚಾವಣಿ ಮುಗಿಯುವವರೆಗೆ ಬಗ್ಗಿ ನಡೆದು, ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡ. ಹೊಸ್ತಿಲಲ್ಲಿ ಅವನು ಒಂದು ಚಣ ನಿಂತಂತೆ ಕಂಡಿತು, ಚೀಲದ ಪಟ್ಟಿ ಸರಿಮಾಡಿಕೊಳ್ಳಲಿಕ್ಕಿರಬಹುದು. ಹೊರಗಿನ ಬೆಳಕು ಒಳಗೆ ಚೆಲ್ಲಿ, ಕಿರಿದಾಗುತ್ತ ಕಿರಿದಾಗುತ್ತ ಬಂತು, ಮತ್ತು ಅವನ ಹಿಂದೆ ಬಾಗಿಲು ಮುಚ್ಚಿಕೊಂಡಿತು.